ಪಿಳ್ಳಣ್ಣನ ಪಿಸ್ತೂಲು, ನಾರಾಯಣಮ್ಮನ ಬಚ್ಚಲು

ಪಿಳ್ಳಣ್ಣ ಒಂದು ಮಾತು ಶುರು ಮಾಡಿದರೆ ಅದನ್ನು ಮುಗಿಸುತ್ತಿದ್ದವರು ಯಾವಾಗಲೂ ಬೇರೆಯವರು. "ನಾನೇನ್ ಏಳ್ತೀನಿ ಅಂದ್ರೆ..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ನಾರಾಯಣಮ್ಮ "ಏನೂ ಏಳ್ಬ್ಯಾಡ, ನೀರು ಸೇದು" ಅನ್ನುತ್ತಿದ್ದಳು. ಬ್ಯಾಟರಾಯನಪುರದ ಹಳೇ ಬೀದಿಯಲ್ಲಿ ನಾಲ್ಕು ಜನ ಸೇರಿದರೆ ಅವನಿಗೆ ಜಗಲಿಯ ಮೇಲೆ ಜಾಗವಿರುತ್ತಿರಲಿಲ್ಲ. ಕೆಳಗೆ, ಚಪ್ಪಲಿಗಳ ಪಕ್ಕದಲ್ಲಿ ಕೂರುತ್ತಿದ್ದ. ಮಬ್ಬುಗತ್ತಲಲ್ಲಿ ಎದ್ದು ಹೊರಟವರು ಚಪ್ಪಲಿ ತಡಕಾಡುತ್ತ ಎಷ್ಟೋ ಸಲ ಅವನ ತಲೆಯನ್ನು ಮುಟ್ಟಿ ನೋಡಿದ್ದುಂಟು.

ಇದು ಬಳ್ಳಾರಿ ರಸ್ತೆಯ ಎರಡೂ ಬದಿಯ ಮರಗಳು ಇನ್ನೂ ನೆತ್ತಿಯ ಮೇಲೆ ಕೈ ಕೈ ಹಿಡಿದುಕೊಂಡಿದ್ದ ಕಾಲದ ಮಾತು. ದಿಲ್ಲಿಯಲ್ಲಿ ಸರ್ಕಾರ ಬಿದ್ದ ವರ್ಷ. ದಿಲ್ಲಿಯಲ್ಲಿ ಬಿದ್ದದ್ದು ಬ್ಯಾಟರಾಯನಪುರಕ್ಕೆ ಕೇಳಿಸಲಿಲ್ಲ. ಪಿಳ್ಳಣ್ಣನ ಹಿತ್ತಿಲಲ್ಲಿ ಆದ ಸದ್ದು ಮಾತ್ರ ಅತ್ತ ಕೊಡಿಗೇಹಳ್ಳಿಗೂ ಇತ್ತ ಹೆಬ್ಬಾಳದ ಕೆರೆ ಏರಿಗೂ ಮುಟ್ಟಿತು.

ಪಿಳ್ಳಣ್ಣನ ಮನೆಗೂ ಪಕ್ಕದ ಚಿಕ್ಕಮಾರಯ್ಯನ ಮನೆಗೂ ನಡುವೆ ಒಂದು ಪಟ್ಟಿ ಜಾಗವಿತ್ತು. ಒಬ್ಬ ಮನುಷ್ಯ ಕೈ ಚಾಚಿದರೆ ಮುಗಿದುಹೋಗುವಷ್ಟು ಅಗಲ. ಅಲ್ಲೊಂದು ಬಚ್ಚಲು ಕಟ್ಟಿಸಿಕೊಳ್ಳಬೇಕೆಂಬುದು ನಾರಾಯಣಮ್ಮನ ಆಸೆ. ಮದುವೆಯಾಗಿ ಬಂದಾಗಿನಿಂದ ಅವಳು ಮೀಯುತ್ತಿದ್ದದ್ದು ಗೋಣಿತಾಟಿನ ಮರೆಯಲ್ಲಿ. ಗಾಳಿ ಎದ್ದ ದಿನ ಒಂದು ಕೈಯಲ್ಲಿ ಚೆಂಬು, ಇನ್ನೊಂದು ಕೈಯಲ್ಲಿ ಗೋಣಿ. ಬೆನ್ನು ಉಜ್ಜಿಕೊಳ್ಳಲು ಮೂರನೆಯ ಕೈ ಎಲ್ಲಿಂದ ತರುವುದು? ಜಾಗ ಪಿಳ್ಳಣ್ಣನ ಅಪ್ಪನದೇ. ಆದರೆ ಒಂದು ಮಳೆಗಾಲ ಕಳೆದು ನೋಡುವಾಗ ಗಡಿಕಲ್ಲು ಈಚೆಗೆ ಬಂದುಬಿಟ್ಟಿತ್ತು, ಚಿಕ್ಕಮಾರಯ್ಯನ ತಿಪ್ಪೆ ಆ ಪಟ್ಟಿಯ ಮೇಲೆ ಬೆಳೆದು ನಿಂತಿತ್ತು. ಕಲ್ಲು ಮೊದಲು ಎಲ್ಲಿತ್ತೆಂದು ಊರಿಗೆಲ್ಲ ಗೊತ್ತು. ಅದು ನಡೆದು ಬಂದದ್ದನ್ನು ಮಾತ್ರ ಯಾರೂ ಕಣ್ಣಾರೆ ಕಂಡಿರಲಿಲ್ಲ.

ಹೆಂಡತಿಯ ಕಾಟ ತಡೆಯದೆ ಪಿಳ್ಳಣ್ಣ ಒಮ್ಮೆ ಕೇಳಲು ಹೋಗಿದ್ದ.

"ಚಿಕ್ಕಮಾರಣ್ಣ, ನಾನೇನ್ ಏಳ್ತೀನಿ ಅಂದ್ರೆ, ಆ ತಿಪ್ಪೆ..."

"ಗೊಬ್ಬರ ಬೇಕಾ? ಅದಕ್ಯಾಕ್ ಇಷ್ಟು ಸಂಕೋಚ! ಒಂದ್ ಮಂಕ್ರಿ ತಕ್ಕೊಂಡೋಗು."

ಪಿಳ್ಳಣ್ಣ ಒಂದು ಮಂಕರಿ ಗೊಬ್ಬರ ಹೊತ್ತುಕೊಂಡು ಮನೆಗೆ ಬಂದ. ಆ ಸಂಜೆ ನಾರಾಯಣಮ್ಮ ಏನಂದಳೆಂಬುದನ್ನು ಬರೆಯುವ ಪದ್ಧತಿ ಇಲ್ಲ.

ಪಿಳ್ಳಣ್ಣ ಹೆಬ್ಬಾಳದ ಒಂದು ಕಚೇರಿಯಲ್ಲಿ ಜವಾನ. ಅಲ್ಲಿಯ ದೊಡ್ಡ ಸಾಹೇಬರಿಗೆ ಗುರಿ ಹೊಡೆಯುವ ಶೋಕಿ. ಅವರ ಬಳಿ ಒಂದು ಗಾಳಿ ಪಿಸ್ತೂಲಿತ್ತು. ಒಂದು ಸಲಕ್ಕೆ ಒಂದೇ ಗುಂಡು. ಗುಂಡೆಂದರೂ ಉದ್ದಿನಕಾಳಿನಷ್ಟು ಸೀಸ. ಮದ್ದಿಲ್ಲ, ಬೆಂಕಿಯಿಲ್ಲ. ಒಳಗಿನ ಸ್ಪ್ರಿಂಗು ಗಾಳಿಯನ್ನು ದೂಡುತ್ತದೆ, ಗಾಳಿ ಕಾಳನ್ನು ದೂಡುತ್ತದೆ. ಅದಕ್ಕೆ ಲೈಸೆನ್ಸು ಕೂಡ ಬೇಕಿರಲಿಲ್ಲ. ಕಚೇರಿಯ ಆಟೋಟದ ದಿನ ಸಾಹೇಬರು ಉದಾರಿಯಾಗಿ ಎಲ್ಲರಿಗೂ ಒಂದೊಂದು ಸಲ ಹೊಡೆಯಲು ಕೊಟ್ಟರು. ಗುಮಾಸ್ತರು ಗೋಡೆಗೆ ಹೊಡೆದರು, ಕ್ಯಾಷಿಯರು ಆಕಾಶಕ್ಕೆ ಹೊಡೆದರು. ಪಿಳ್ಳಣ್ಣ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಮುಖವನ್ನು ಬಲಕ್ಕೆ ತಿರುಗಿಸಿ, "ತಾಯೀ ಎಲ್ಲಮ್ಮ" ಎಂದು ಟ್ರಿಗರ್ ಎಳೆದ. ಕಣ್ಣು ಬಿಟ್ಟಾಗ ಕರೀ ಬೊಟ್ಟಿನ ನಟ್ಟನಡುವೆ ತೂತು!

"ಶಭಾಷ್! ನೀನು ಹುಟ್ಟಾ ಗುರಿಕಾರ ಕಣಯ್ಯ" ಎಂದು ಸಾಹೇಬರು ಬೆನ್ನು ತಟ್ಟಿದರು. ಅದನ್ನು ಅವರು ಅಲ್ಲೇ ಮರೆತರು. ಪಿಳ್ಳಣ್ಣ ಮರೆಯಲಿಲ್ಲ. ಅಲ್ಲಿಯವರೆಗೆ ಅವನ ಬೆನ್ನಿನ ಮೇಲೆ ಬಿದ್ದ ಕೈಗಳು ಬಹಳ. ಆದರೆ ಅವು ತಟ್ಟಿದ ಕೈಗಳಲ್ಲ.

ಸಾಹೇಬರಿಗೆ ವರ್ಗವಾಯಿತು. ಮನೆಯ ಸಾಮಾನೆಲ್ಲ ಮಾರಿದರೂ ಪಿಸ್ತೂಲನ್ನು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಅದರ ಸ್ಪ್ರಿಂಗು ಮುರಿದು, ನಳಿಗೆಗೆ ತುಕ್ಕು ಹಿಡಿದು, ಹಿಡಿ ಎರಡು ಸೀಳಾಗಿತ್ತು. ಪಿಳ್ಳಣ್ಣ ಮನೆಯ ಎರಡು ಹುಂಜಗಳನ್ನು ಕೊಟ್ಟು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದ.

"ಉಂಜ ಎಲ್ಲಿ?" ಎಂದಳು ನಾರಾಯಣಮ್ಮ.

ಪಿಳ್ಳಣ್ಣ ಟವೆಲು ಬಿಚ್ಚಿದ. ಅವಳು ಅದನ್ನು ನೋಡಿದಳು, ಗಂಡನನ್ನು ನೋಡಿದಳು, ಖಾಲಿ ಪಂಜರವನ್ನು ನೋಡಿದಳು. ಎದೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟಳು.

"ಬಚ್ಚಲು ಕಟ್ಸು ಅಂದ್ರೆ ಕೋವಿ ತಂದವ್ನೆ! ಇದರಾಗೆ ನೀರ್ ಕಾಯ್ತದಾ?"

"ನಾನೇನ್ ಏಳ್ತೀನಿ ಅಂದ್ರೆ..."

"ಮುಚ್ಚು ಬಾಯಿ!"

ಯಲಹಂಕದ ಪೇಟೆಯಲ್ಲಿ ಹಬೀಬುಲ್ಲಾ ಸಾಹೇಬರ ರಿಪೇರಿ ಅಂಗಡಿ. ಪಂಪ್ ಸ್ಟೌವು, ಛತ್ರಿ, ಬೀಗ; ಯಾವುದನ್ನೂ ಅವರು ಆಗುವುದಿಲ್ಲ ಎಂದು ಹಿಂದಕ್ಕೆ ಕಳುಹಿಸಿದವರಲ್ಲ. ಪಿಸ್ತೂಲು ಟವೆಲಿನಿಂದ ಹೊರಬಂದಾಗ ಮಾತ್ರ ಅವರು ಕೂತಲ್ಲಿಯೇ ಒಂದು ಗೇಣು ಮೇಲೆದ್ದರು.

"ಯಾ ಅಲ್ಲಾ! ಪಿಳ್ಳಣ್ಣ ಭಾಯ್, ಯಾರ್ನ ಹೊಡಿಯಕ್ಕೆ?"

"ಯಾರ್ನೂ ಇಲ್ಲ ಸಾಬ್ರೆ. ಬೊಟ್ಟಿಗೆ ಒಡಿಯಕ್ಕೆ."

"ಬೊಟ್ಟು ನಿಮ್ಗೆ ಏನ್ ಮಾಡ್ತು?"

ಆದರೆ ಬಿಚ್ಚಿ ನೋಡಿದ ಮೇಲೆ ಹಬೀಬುಲ್ಲಾ ನಕ್ಕರು. "ಅರೆ, ಇದು ಸ್ಟೌವೇ ಕಣ್ರೀ! ಪಂಪ್ ಐತೆ, ಚರ್ಮದ ವಾಷರ್ ಐತೆ. ಉರಿ ಇಲ್ಲ, ಅಷ್ಟೇ." ಒಣಗಿ ಕರಕಲಾಗಿದ್ದ ವಾಷರನ್ನು ಕಿತ್ತು, ಸ್ಟೌವಿನ ಹೊಸ ವಾಷರನ್ನು ಹರಳೆಣ್ಣೆಯಲ್ಲಿ ನೆನೆಹಾಕಿ ಕೂರಿಸಿದರು. ಮುರಿದ ಸ್ಪ್ರಿಂಗಿನ ಜಾಗಕ್ಕೆ ಯಾವುದೋ ಆಟೋರಿಕ್ಷಾದ ಸ್ಪ್ರಿಂಗು ಬಂತು. ಅದನ್ನು ಅದುಮಿ ಒಳಗೆ ತಳ್ಳಲು ಇಬ್ಬರೂ ಗೋಡೆಗೆ ಕಾಲು ಕೊಟ್ಟು ಮಲಗಬೇಕಾಯಿತು. ನಳಿಗೆಯನ್ನು ಸೀಮೆಎಣ್ಣೆ, ಬೂದಿ ಹಾಕಿ ಚೆಂಬು ತಿಕ್ಕಿದಂತೆ ತಿಕ್ಕಿದಾಗ ಒಳಗಿನಿಂದ ಕಪ್ಪು ನೀಲಿ ಬಣ್ಣ ಹೊರಬಂದು ಮಿಂಚಿತು.

ಉಳಿದದ್ದು ಹಿಡಿ. ಪಿಳ್ಳಣ್ಣನ ಬಲಗೈಯ ಕಿರುಬೆರಳು ಬಾವಿಯ ರಾಟೆಗೆ ಸಿಕ್ಕಿ ಮುರಿದು, ಆಚೆಗೆ ಸೊಟ್ಟಗೆ ಕೂಡಿಕೊಂಡಿತ್ತು. ಬಜಾರಿನ ಯಾವ ಹಿಡಿಯೂ ಅದಕ್ಕೆ ಒಗ್ಗದು.

"ಗುರಿ ಹೊಡಿಯೋರ್ದು ಹಿಡಿ ಅವರವರ ಕೈಗೇ ಮಾಡ್ಬೇಕು" ಎಂದರು ಹಬೀಬುಲ್ಲಾ. "ನಿಮ್ದು ಹಿಡಿತದ ಅಚ್ಚು ತನ್ನಿ. ಮೆತ್ತಗಿರೋದು ಏನಾದ್ರೂ ಗಟ್ಟಿ ಹಿಡ್ಕೊಂಡು, ಒಣಗಿಸಿ ತನ್ನಿ. ಹಲಸಿನ ಮರದಾಗೆ ಹಂಗೇ ಕೆತ್ತಿ ಕೊಡ್ತೀನಿ."

ಮೆತ್ತಗಿರುವುದು ಏನಾದರೂ! ಬೇರೆ ಊರಿನವನಾಗಿದ್ದರೆ ಜೇಡಿಮಣ್ಣು ಹುಡುಕುತ್ತಿದ್ದ. ಪಿಳ್ಳಣ್ಣ ಮನೆಗೆ ಹೋಗಿ ಊಟಕ್ಕೆ ಕೂತ. ನಾರಾಯಣಮ್ಮ ತಟ್ಟೆಗೆ ಬಿಸಿ ರಾಗಿಮುದ್ದೆ ಹಾಕಿ, ಸೊಪ್ಪಿನ ಸಾರು ತರಲು ಒಳಗೆ ಹೋದಳು. ಬಂದು ನೋಡಿದರೆ ಗಂಡ ಮುದ್ದೆಯನ್ನು ಮುಷ್ಟಿಯಲ್ಲಿ ಹಿಸುಕಿ ಹಿಡಿದು, ತೋಳನ್ನು ನೀಳವಾಗಿ ಚಾಚಿ, ಬಾಗಿಲ ಕಡೆಗೆ ಗುರಿಯಿಟ್ಟು ಕೂತಿದ್ದಾನೆ. ಕೈ ಸುಡುತ್ತಿದೆ, ಕಣ್ಣಲ್ಲಿ ನೀರು ಸುರಿಯುತ್ತಿದೆ, ಆದರೂ ಬಿಡುತ್ತಿಲ್ಲ.

"ಅಯ್ಯೋ ನಮ್ಮಪ್ಪಾ! ಏನಾಯ್ತು ನಿಂಗೆ?"

"ಮಾತಾಡಿಸ್ಬ್ಯಾಡ. ಅಲ್ಲಾಡ್ತದೆ."

ಹಾಗೆ ತಯಾರಾದ ಮುದ್ದೆಯ ಅಚ್ಚನ್ನು ಇರುವೆ ಹತ್ತದಿರಲೆಂದು ಸುತ್ತ ಅರಿಶಿನ ಉದುರಿಸಿ ಹಿತ್ತಿಲ ಮೋಟುಗೋಡೆಯ ಮೇಲೆ ಬಿಸಿಲಿಗಿಟ್ಟ. ಗೋಡೆಯಾಚೆ ಚಿಕ್ಕಮಾರಯ್ಯನ ಹೆಂಡತಿ ಬೈರಮ್ಮ ಬೆರಣಿ ತಟ್ಟಲು ಬಂದಳು. ಮುದ್ದೆ. ಅದರ ಮೇಲೆ ಐದು ಬೆರಳಿನ ಗುರುತು, ಒಂದು ಬೆರಳು ಸೊಟ್ಟ. ಸುತ್ತ ಅರಿಶಿನ. ಮೂತಿ ತಮ್ಮ ಮನೆಯ ಕಡೆಗೆ.

ಅವಳು ಹಾಕಿದ ಕೂಗಿಗೆ ಕಟ್ಟಿದ್ದ ಹಸು ಹಗ್ಗ ಹರಿದುಕೊಂಡು ಅಟ್ಟೂರಿನ ದಾರಿ ಹಿಡಿಯಿತು.

"ಮಾಟ ಮಾಡ್ಸವ್ನೆ! ಆ ಜಾಗದ ಸಲುವಾಗಿ ನಮಗೆ ಮಾಟ ಮಾಡ್ಸವ್ನೆ ಪಿಳ್ಳಣ್ಣ!"

ಚಿಕ್ಕಮಾರಯ್ಯ ಹಸು ಹಿಡಿದು ತಂದು ನಕ್ಕ. "ಪಿಳ್ಳಣ್ಣನಾ? ಅವ್ನ್ ಮಾಟ ಮಾಡ್ಸುದ್ರೆ ಅದು ಅವ್ನಿಗೇ ಒಡೀತದೆ ಬಿಡು." ಆದರೂ ಆ ರಾತ್ರಿ ಅವನಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ, ಅನ್ನ ಮಾಡಿಸಿಕೊಂಡು ತಿಂದ.

ಹಿಡಿ ಬಂತು. ಜೇನಿನ ಬಣ್ಣದ ಹಲಸು. ಪಿಳ್ಳಣ್ಣನ ಅಂಗೈ ಅದರೊಳಗೆ ಹಾಸಿಗೆಗೆ ಬಿದ್ದ ಮಗುವಿನಂತೆ ಮಲಗುತ್ತಿತ್ತು. ಸೊಟ್ಟ ಬೆರಳಿಗೂ ಒಂದು ಸೊಟ್ಟ ಹಳ್ಳ. ಹಬೀಬುಲ್ಲಾ ತಾವೇ ಹಿಡಿದು ನೋಡಿ, ಕೈ ತಿರುಚಿಕೊಂಡು, ಕೆಳಗಿಟ್ಟರು. "ಇದು ಬೇರೆ ಯಾರಿಗೂ ಹತ್ತಲ್ಲ ಭಾಯ್. ಕಳ್ಳ ಕದ್ರೂ ವಾಪಸ್ ತಂದ್ಕೊಡ್ತಾನೆ. ಇನ್ನೊಂದ್ ಮಾತು: ಗೋಡೆಗೆ ಹೊಡೀಬೇಡಿ, ಗುಂಡು ತಿರುಗಿ ಬರ್ತದೆ. ಹಿಂದ್ಗಡೆ ಏನಾದ್ರೂ ಮೆತ್ತಗಿರ್ಬೇಕು."

ಮತ್ತೆ ಮೆತ್ತಗಿರುವುದು! ಪಿಳ್ಳಣ್ಣ ಹಿತ್ತಿಲನ್ನೆಲ್ಲ ಕಣ್ಣಾಡಿಸಿದ. ಮೆತ್ತಗೆ, ಎತ್ತರವಾಗಿ, ಅಗಲವಾಗಿ ಇದ್ದದ್ದು ಒಂದೇ: ಚಿಕ್ಕಮಾರಯ್ಯನ ತಿಪ್ಪೆ. ಹಳೆಯ ಮೊರಕ್ಕೆ ಇದ್ದಲಿನಿಂದ ದುಂಡಗೆ ಕರೀ ಬೊಟ್ಟು ಬರೆದು, ಅದನ್ನು ಕೋಲಿಗೆ ಕಟ್ಟಿ ತಿಪ್ಪೆಯ ನೆತ್ತಿಗೆ ನೆಟ್ಟ. ಸೀಸದ ಕಾಳು ಇನ್ನೂ ಬಂದಿರಲಿಲ್ಲ. ಆದ್ದರಿಂದ ಬರೀ ಪಿಸ್ತೂಲು ಹಿಡಿದು, ಎರಡೂ ಕಣ್ಣು ಮುಚ್ಚಿ, ಗುರಿಯಿಡುವ ಅಭ್ಯಾಸ ಮಾಡಿದ.

ತಿಪ್ಪೆಗೆ ಕಸ ಹಾಕಲು ಬಂದ ಚಿಕ್ಕಮಾರಯ್ಯ ಮೊರದ ಪಕ್ಕದಿಂದ ತಲೆಯೆತ್ತಿದ. ಎದುರಿಗೆ ನಳಿಗೆ. ನಳಿಗೆಯ ಹಿಂದೆ ಕಣ್ಣು ಮುಚ್ಚಿದ ಪಿಳ್ಳಣ್ಣ. ಅವನ ತುಟಿ ಏನನ್ನೋ ಜಪಿಸುತ್ತಿದೆ.

ಚಿಕ್ಕಮಾರಯ್ಯ ಮಂಕರಿಯನ್ನು ಅಲ್ಲೇ ಬಿಟ್ಟ. ಪಿಳ್ಳಣ್ಣ ಕಣ್ಣು ಬಿಟ್ಟಾಗ ಮಂಕರಿ ಮಾತ್ರ ಉರುಳುತ್ತಿತ್ತು.

ಅಂದಿನಿಂದ ಬೀದಿಯ ಗಾಳಿ ಬದಲಾಯಿತು. ಹಾಲಿನ ಲಕ್ಕಮ್ಮ ಪಿಳ್ಳಣ್ಣನ ಮನೆಗೆ ಹಾಕುವ ಹಾಲಿಗೆ ನೀರು ಬೆರೆಸುವುದನ್ನು ಬಿಟ್ಟಳು. ಗಟ್ಟಿ ಹಾಲು ಕುಡಿದ ಅಭ್ಯಾಸವಿಲ್ಲದ ನಾರಾಯಣಮ್ಮನ ಹೊಟ್ಟೆ ಕೆಟ್ಟಿತು. ಜಗಲಿಯ ಮೇಲೆ ಕೂತವರು ಪಿಳ್ಳಣ್ಣನನ್ನು ಕಂಡೊಡನೆ ಒತ್ತಿಕೊಂಡು ಜಾಗ ಮಾಡಿದರು. ಅವನು ಹಿಂದೆ ತಿರುಗಿ ನೋಡಿದ, ಯಾರು ಬಂದರೆಂದು. ಯಾರೂ ಇರಲಿಲ್ಲ.

"ನಿಂಗೇ ಕಣಪ್ಪ, ಮೇಲ್ ಕುಂತ್ಕೊ" ಎಂದರು.

ಕೂತ. ಸಾಹೇಬರು ಬೆನ್ನು ತಟ್ಟಿದ ಸಮಾಚಾರ ಊರಿಗೆ ಗೊತ್ತಾಗಿರಬೇಕು ಎಂದುಕೊಂಡ. ಧೈರ್ಯ ಬಂತು. "ನಾನೇನ್ ಏಳ್ತೀನಿ ಅಂದ್ರೆ..."

ಎಲ್ಲರೂ ಸುಮ್ಮನಾದರು. ಬೀಡಿ ಸೇದುತ್ತಿದ್ದವನು ಹೊಗೆಯನ್ನು ಒಳಗೇ ಇಟ್ಟುಕೊಂಡ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಪಿಳ್ಳಣ್ಣ ಕಾದ. ಅವರೂ ಕಾದರು. ಆಗ ಅವನಿಗೆ ಹೊಳೆಯಿತು: ಇಷ್ಟು ವರ್ಷವೂ ಈ ಮಾತಿನ ಮುಂದಿನ ಭಾಗ ಏನೆಂದು ತಾನು ಯೋಚಿಸಿಯೇ ಇಲ್ಲ. ಹಣೆಯಲ್ಲಿ ಬೆವರು ಮೂಡಿತು. ಕೊನೆಗೆ "ಬಿಸಿಲು ಜಾಸ್ತಿ" ಎಂದು ಹೇಳಿ ಎದ್ದು ಬಂದ.

"ಕೇಳುದ್ರಾ? ಬಿಸಿಲು ಜಾಸ್ತಿಯಂತೆ!" ಎಂದು ಜಗಲಿ ನಡುಗಿತು. "ಏನೋ ಮನಸಲ್ಲಿ ಇಟ್ಕೊಂಡೇ ಏಳವ್ನೆ!"

ಚಿಕ್ಕಮಾರಯ್ಯ ಬಸ್ಸು ಹತ್ತಿ ಯಲಹಂಕದ ಠಾಣೆಗೆ ಹೋದ.

ಅವನು ಠಾಣೆಗೆ ಹೋದ ದಿನವೇ ಆಯುಧ ಪೂಜೆ. ನಾರಾಯಣಮ್ಮ ಪಿಸ್ತೂಲನ್ನು ಎಷ್ಟೇ ಬೈದರೂ ಪೂಜೆಯ ವಿಷಯದಲ್ಲಿ ಪಂಕ್ತಿಭೇದ ಮಾಡುವವಳಲ್ಲ. ಮಚ್ಚು, ಗುದ್ದಲಿ, ಈಳಿಗೆಮಣೆ, ಸೈಕಲ್ಲು ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಳು, ಕೊನೆಯಲ್ಲಿ ಪಿಸ್ತೂಲು. ಆಯುಧದ ಬಾಯಿಗೆ ಕುಂಕುಮ ಇಡಬೇಕೆಂಬುದು ಅವಳ ಅತ್ತೆ ಹೇಳಿಕೊಟ್ಟ ಕ್ರಮ. ಮಚ್ಚಿನ ಬಾಯಿ ಅದರ ಅಂಚು, ಗುದ್ದಲಿಯ ಬಾಯಿ ಅದರ ಅಲಗು. ಪಿಸ್ತೂಲಿನ ಬಾಯಿ ಎಲ್ಲಿದೆಯೆಂದು ಹೇಳಿಕೊಡಬೇಕಾಗಿರಲಿಲ್ಲ. ಅದು ತೆರೆದುಕೊಂಡೇ ಇತ್ತು. ಒಂದು ಚಿಟಿಕೆ ಹಾಕಿದಳು. ಒಳಗೆ ಹೋಗಿ ಕಾಣದಾಯಿತು. ಇನ್ನೊಂದು ಚಿಟಿಕೆ ಹಾಕಿದಳು. ಅದೂ ಹೋಯಿತು. "ಎಷ್ಟು ಅಸಿವು ಇದಕ್ಕೆ!" ಎಂದು ಭರಣಿ ಬಗ್ಗಿಸಿ, ಬಾಯಿ ತುಂಬಿ ಬರುವವರೆಗೂ ಸುರಿದು, ಹೆಬ್ಬೆರಳಲ್ಲಿ ಅದುಮಿ, ಮೇಲೊಂದು ಚೆಂಡುಹೂ ಸಿಕ್ಕಿಸಿ ಕೈಮುಗಿದಳು.

ಮರುದಿನ ಬೆಳಿಗ್ಗೆ ಹೆಡ್ ಕಾನ್‌ಸ್ಟೆಬಲ್ ಮುನಿಗಂಗಪ್ಪ ಸೈಕಲ್ಲಿನಲ್ಲಿ ಬಂದ. ಹಿಂದೆ ಚಿಕ್ಕಮಾರಯ್ಯ, ಅವನ ಹಿಂದೆ ಬೈರಮ್ಮ, ಅವಳ ಹಿಂದೆ ಇಡೀ ಬೀದಿ. ಹಬ್ಬದ ಬಾಡಿಗೆ ಸ್ಟೌವ್ ಕೊಡಲು ಬಂದಿದ್ದ ಹಬೀಬುಲ್ಲಾ ಕೂಡ ಸಿಕ್ಕಿಕೊಂಡರು. ಸೀಸದ ಕಾಳಿನ ಡಬ್ಬಿಯನ್ನೂ ಅವರೇ ಆ ದಿನ ತಂದಿದ್ದರು.

"ಏನಯ್ಯ, ಕೊಲೆ ಮಾಡ್ತೀಯಂತೆ?" ಎಂದ ಮುನಿಗಂಗಪ್ಪ, ಬಾಗಿಲ ಆಚೆಗೇ ನಿಂತು.

ಪಿಳ್ಳಣ್ಣ ಗಾಬರಿಯಾಗಿ ಬಾಗಿಲಿಗೆ ಓಡಿಬಂದ. "ಕೊ... ಕೊಲೆನಾ? ಯಾರ್ನ?"

"ನನ್ನ!" ಎಂದ ಚಿಕ್ಕಮಾರಯ್ಯ, ಕಾನ್‌ಸ್ಟೆಬಲ್‌ನ ಹಿಂದಿನಿಂದ.

"ಸ್ವಾಮೀ, ಇದು ಗಾಳಿ ಪಿಸ್ತೂಲು" ಎಂದು ಹಬೀಬುಲ್ಲಾ ನಡುವೆ ಬಂದರು. "ಸ್ಟೌವ್ ಇದ್ದಂಗೆ. ನಾನೇ ವಾಷರ್ ಹಾಕಿದೀನಿ."

"ಸ್ಟೌವೋ ಸಾವೋ, ನಾನೇ ಕಣ್ಣಾರೆ ನೋಡ್ಬೇಕು. ಎಲ್ರೂ ನೋಡ್ಲಿ. ಒಂದ್ಸಲ ಆ ಮೊರಕ್ಕೆ ಹೊಡೆದು ತೋರ್ಸು."

ಜನ ಸುರಕ್ಷಿತವಾದ ಜಾಗ ಹುಡುಕಿಕೊಂಡರು. ಕೆಲವರು ಬಾವಿಕಟ್ಟೆಯ ಹಿಂದೆ, ಕೆಲವರು ಹುಲ್ಲಿನ ಮೆದೆಯ ಹಿಂದೆ. ಚಿಕ್ಕಮಾರಯ್ಯ ಬುದ್ಧಿವಂತ; ಎಲ್ಲರಿಗಿಂತ ಮುಂದೆ ಯೋಚಿಸಿದ. ಗುಂಡು ಹೋಗುವುದು ದೂರಕ್ಕೆ, ಅಂದಮೇಲೆ ಅತಿ ಭದ್ರವಾದ ಜಾಗ ಪಿಸ್ತೂಲಿನ ಹತ್ತಿರವೇ. ಹಬ್ಬಕ್ಕೆಂದು ಉಟ್ಟಿದ್ದ ಬಿಳೀ ಪಂಚೆ, ಬಿಳೀ ಜುಬ್ಬದಲ್ಲಿ ಬಂದು ಪಿಳ್ಳಣ್ಣನ ಬಲಗಡೆ ಎರಡು ಹೆಜ್ಜೆಯಲ್ಲಿ ಕೈ ಕಟ್ಟಿ ನಿಂತ.

ಪಿಳ್ಳಣ್ಣ ಚೆಂಡುಹೂ ತೆಗೆದ. ನಳಿಗೆಯನ್ನು ಬಗ್ಗಿಸಿ ಅದರ ಹಿಂಬದಿಯ ತೂತಿಗೆ ಕಾಳು ಹಾಕಿದ. ತೋಳು ಚಾಚಿದ. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ. ಮುಖ ಬಲಕ್ಕೆ ತಿರುಗಿತು. ಈ ಸಲ ಗಾಬರಿ ಹೆಚ್ಚಾದ್ದರಿಂದ ಮುಖದ ಹಿಂದೆ ಕೈಯೂ ತಿರುಗಿತು.

"ತಾಯೀ ಎಲ್ಲಮ್ಮ!"

ಢಪ್!

ಆಟೋರಿಕ್ಷಾದ ಸ್ಪ್ರಿಂಗು ತನ್ನ ಕೆಲಸ ಮಾಡಿತು. ಸೀಸದ ಕಾಳು ಕುಂಕುಮದಲ್ಲಿ ಸಿಕ್ಕಿಕೊಂಡು ಪಿಳ್ಳಣ್ಣನ ಕಾಲಬುಡದಲ್ಲೇ ಉದುರಿತು. ಬೈರಮ್ಮನ ಕೋಳಿಯೊಂದು ಅದನ್ನು ಕುಕ್ಕಿ ನೋಡಿ ಬೇಡವೆಂದು ಬಿಟ್ಟಿತು. ಆದರೆ ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ನೋಡಿದ್ದು ಚಿಕ್ಕಮಾರಯ್ಯನನ್ನು. ಅವನ ಬಿಳೀ ಜುಬ್ಬದ ಎದೆಯ ಮೇಲೆ ಒಂದು ತಟ್ಟೆಯಗಲ ಕೆಂಪು.

ಬಾವಿಕಟ್ಟೆಯ ಹಿಂದಿನ ತಲೆಗಳೆಲ್ಲ ಮೇಲೆದ್ದವು.

ಚಿಕ್ಕಮಾರಯ್ಯ ತಲೆ ಬಗ್ಗಿಸಿ ಎದೆ ನೋಡಿಕೊಂಡ. ಬೆರಳಿನಿಂದ ಮುಟ್ಟಿದ. ಕೆಂಪು. "ಓದೆ ಕಣೇ ಬೈರೀ" ಎಂದು ಹೇಳಿ, ಪಂಚೆ ಕೊಳೆಯಾಗದ ಕಡೆ ನೋಡಿಕೊಂಡು, ನಿಧಾನಕ್ಕೆ ಮಲಗಿದ.

ಬೈರಮ್ಮ ಬಾಯಿ ಬಡಿದುಕೊಂಡಳು. ಮುನಿಗಂಗಪ್ಪನ ಬಾಯಿಂದ ಬಿದ್ದ ಸೀಟಿ ಹುಡುಕಿದರೂ ಸಿಗಲಿಲ್ಲ. ಹಬೀಬುಲ್ಲಾ ಆಕಾಶಕ್ಕೆ ಕೈಯೆತ್ತಿ "ನಾನು ಬರೀ ವಾಷರ್ ಹಾಕಿದ್ದು!" ಎಂದು ಎಲ್ಲರಿಗಿಂತ ಮೇಲಿನವನಿಗೆ ಹೇಳಿಕೊಂಡರು.

"ನೀರು... ನೀರು ಬಿಡ್ರೋ ಬಾಯಿಗೆ" ಎಂದ ಚಿಕ್ಕಮಾರಯ್ಯ. ನೀರು ಬಿಟ್ಟರು. "ಪೊಲೀಸ್ನೋರೆ, ಬರ್ಕೊಳ್ಳಿ. ಸಾಯೋನು ಸುಳ್ಳೇಳಲ್ಲ. ಆ ಗಡಿಕಲ್ಲು ನಾನೇ ಕಿತ್ತಾಕಿದ್ದು. ಜಾಗ ಪಿಳ್ಳಣ್ಣಂದು. ನಾನು, ನಮ್ ಭಾಮೈದ ಸೇರ್ಕೊಂಡು, ಮಳೇಲಿ..."

ಪಿಳ್ಳಣ್ಣನಿಗೆ ಇದೊಂದೂ ಕಿವಿಗೆ ಬೀಳಲಿಲ್ಲ. ತಾನು ಒಬ್ಬ ಮನುಷ್ಯನನ್ನು ಕೊಂದೆ ಎಂಬುದೊಂದೇ ಅವನ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು. ಮೊಣಕಾಲೂರಿ, ಚಿಕ್ಕಮಾರಯ್ಯನ ಕಾಲು ಹಿಡಿದುಕೊಂಡ. ಜೀವಮಾನದಲ್ಲೇ ಮೊದಲ ಸಲ ಅವನ ಮಾತಿನ ಮುಂದಿನ ಭಾಗ ತಾನಾಗಿಯೇ ಹುಟ್ಟಿ ಬಂತು.

"ಚಿಕ್ಕಮಾರಣ್ಣ, ಸಾಯ್ಬ್ಯಾಡ! ನಾನೇನ್ ಏಳ್ತೀನಿ ಅಂದ್ರೆ, ಎಲ್ರ ಮುಂದೂ ಏಳ್ತೀನಿ, ಆ ಜಾಗಾನ ನಾನು ನಿನ..."

ನಾರಾಯಣಮ್ಮ ಹದ್ದಿನಂತೆ ಎರಗಿದಳು. ಅವಳ ಅಂಗೈ ಗಂಡನ ಬಾಯಿಯನ್ನು ಕಿವಿಯಿಂದ ಕಿವಿಗೆ ಮುಚ್ಚಿತು.

"ನೀನೇನೂ ಏಳ್ಬ್ಯಾಡ!"

ಮತ್ತೆ ಅವಳು ಬಗ್ಗಿ, ಸಾಯುತ್ತಿದ್ದವನ ಎದೆಯ ಮೇಲೆ ಬೆರಳಾಡಿಸಿ, ಮೂಸಿ ನೋಡಿದಳು. ಇನ್ನೊಂದು ಸಲ ಮೂಸಿದಳು.

"ಪೊಲೀಸಪ್ಪ, ಕಲ್ಲಿನ ಮಾತು ಕೇಳುಸ್ಕೊಂಡ್ಯಾ?"

"ಕೇ... ಕೇಳಿಸ್ಕೊಂಡೆ ತಾಯಿ."

"ನೀವೆಲ್ಲ ಕೇಳುಸ್ಕೊಂಡ್ರಾ?"

ಕೇಳಿದೆವು ಎಂದಿತು ಬಾವಿಕಟ್ಟೆ. ಕೇಳಿದೆವು ಎಂದಿತು ಹುಲ್ಲಿನ ಮೆದೆ.

"ಅಂಗಾದ್ರೆ ಏಳಯ್ಯ ಮೇಲಕ್ಕೆ, ಚಿಕ್ಕಮಾರಯ್ಯ. ಒಂದ್ ಭರಣಿ ಕುಂಕುಮ ದಂಡ ಆಯ್ತು ನಂದು."

ಚಿಕ್ಕಮಾರಯ್ಯ ಒಂದು ಕಣ್ಣು ತೆರೆದ. ಎದೆ ಮುಟ್ಟಿ, ಬೆರಳನ್ನು ನಾಲಿಗೆಗೆ ಇಟ್ಟು ನೋಡಿದ. ಆಗ ಅವನಿಗಾದ ಆಘಾತ ಸತ್ತಾಗ ಆಗಿದ್ದಕ್ಕಿಂತ ದೊಡ್ಡದು. ಮತ್ತೆ ಸಾಯಲು ಕಣ್ಣು ಮುಚ್ಚಿ ನೋಡಿದ. ಆದರೆ ಬೈರಮ್ಮನೇ "ಥೂ, ಮೇಲೇಳಿ, ಮಾನ ಕಳೀಬ್ಯಾಡಿ" ಎಂದು ಎಬ್ಬಿಸಿದಳು.

ಗಡಿಕಲ್ಲು ಆ ಸಂಜೆಯೇ ತನ್ನ ಹಳೇ ಜಾಗಕ್ಕೆ ವಾಪಸು ನಡೆಯಿತು. ಈ ಸಲ ಅದು ನಡೆದದ್ದನ್ನು ಊರೆಲ್ಲ ನಿಂತು ನೋಡಿತು. ತಿಪ್ಪೆ ಹೋಯಿತು, ಕಲ್ಲು ಮಣ್ಣು ಬಂತು, ಸಂಕ್ರಾಂತಿಯ ಹೊತ್ತಿಗೆ ಹಂಡೆ ಒಲೆ ಸಮೇತ ಹೆಂಚಿನ ಮಾಡಿನ ಬಚ್ಚಲು ಎದ್ದು ನಿಂತಿತು. ಪಿಸ್ತೂಲನ್ನು ನಾರಾಯಣಮ್ಮ ಹಬೀಬುಲ್ಲಾಗೆ ಹಿಂದಿರುಗಿಸಿದಳು. ಸ್ಪ್ರಿಂಗು ಆಟೋರಿಕ್ಷಾಗೆ ಹೋಯಿತು, ವಾಷರು ಸ್ಟೌವಿಗೆ ಹೋಯಿತು. ಹಲಸಿನ ಹಿಡಿಯನ್ನು ಮಾತ್ರ ಅವಳು ಬಿಡಲಿಲ್ಲ. "ಇಷ್ಟ್ ಚೆಂದಾಗೈತೆ, ಯಾಕ್ ಬಿಸಾಡೋದು?" ಎಂದು ಬಚ್ಚಲ ಬಾಗಿಲ ಒಳಗಡೆಗೆ ಅಗುಳಿಯ ಹಿಡಿಯಾಗಿ ಹಾಕಿಸಿದಳು.

ಅದು ಪಿಳ್ಳಣ್ಣನ ಅಂಗೈಗೆ ಕೆತ್ತಿದ ಹಿಡಿ. ಅವನು ಮುಟ್ಟಿದರೆ ಬೆಣ್ಣೆಯಂತೆ ತಿರುಗುತ್ತಿತ್ತು. ನಾರಾಯಣಮ್ಮ ಎಡಗೈಯನ್ನು ತಲೆಕೆಳಗು ಮಾಡಿ ತೆರೆಯುವ ಉಪಾಯ ಕಲಿತಳು. ಉಳಿದವರ ಕೈಗೆ ಅದು ಜಪ್ಪಯ್ಯ ಅನ್ನಲಿಲ್ಲ.

ಯುಗಾದಿಗೆ ಎರಡು ಮನೆಯವರೂ ರಾಜಿಯಾಗಿ ಒಟ್ಟಿಗೆ ಎಣ್ಣೆ ಹಚ್ಚಿಕೊಂಡರು. ಹೊಸ ಬಚ್ಚಲಲ್ಲಿ ಮೊದಲು ಮಿಂದು ಬರಲಿ ಎಂದು ಚಿಕ್ಕಮಾರಯ್ಯನನ್ನು ಒಳಗೆ ಕಳುಹಿಸಿದರು. ಮಿಂದದ್ದಾಯಿತು. ಆಮೇಲೆ ಒಳಗಿನಿಂದ ಹಿಡಿ ಗಟಗಟ ಅಲ್ಲಾಡುವ ಸದ್ದು. ಆಮೇಲೆ ಉಸಿರು ಬಿಗಿ ಹಿಡಿದ ಸದ್ದು. ಆಮೇಲೆ ದನಿ.

"ಪಿಳ್ಳಣ್ಣೋ! ತೆಗೆಯೋ ಮಾರಾಯ! ಹೊಗೆ!"

ಪಿಳ್ಳಣ್ಣ ಎದ್ದು ಬಾಗಿಲ ಹತ್ತಿರ ಬಂದ. ಸಂದಿನಲ್ಲಿ ಸೊಟ್ಟ ಬೆರಳು ತೂರಿಸಿ ಹಿಡಿ ತಿರುಗಿಸಬೇಕೆಂದಿದ್ದವನು, ಏನೋ ನೆನಪಾಗಿ, ಕೈ ಹಿಂದಕ್ಕೆ ತೆಗೆದುಕೊಂಡ. ಗಡಿಕಲ್ಲಿನ ಮೇಲೆ ಹಾಯಾಗಿ ಕೂತು, ಗಂಟಲು ಸರಿಮಾಡಿಕೊಂಡ.

"ಚಿಕ್ಕಮಾರಣ್ಣ, ನಾನೇನ್ ಏಳ್ತೀನಿ ಅಂದ್ರೆ..."

ಒಳಗೆ ಹಿಡಿ ಅಲ್ಲಾಡುವ ಸದ್ದು ನಿಂತಿತು. ಆಮೇಲೆ ಚಿಕ್ಕಮಾರಯ್ಯನ ದನಿ, ಬಹಳ ಮೆತ್ತಗೆ:

"ಏಳಪ್ಪ. ಪೂರ್ತಿ ಏಳು."